ಎರಡನೆಯ ಓಡುದಾರಿ

ವರ್ಷದ ಕೊನೆಯ ದಿನದ ಸಂಜೆ ಲೆಕ್ಕದ ಪುಸ್ತಕವನ್ನು ಬಿಚ್ಚಿಕೊಂಡು ಕೂಡುವುದು ನನ್ನ ಬಹುಕಾಲದ ಪರಿಪಾಠ. ವ್ಯಾಪಾರಿಗಳಂತೆ ಲಾಭ ನಷ್ಟಗಳನ್ನು ಬರೆದಿಡುವಷ್ಟು ಹಣಕಾಸು ಉಪಾಧ್ಯಾಯನಾದ ನನ್ನಲ್ಲಿಲ್ಲ. ಎಷ್ಟು ಮಳೆ ಬಿತ್ತು, ಶಾಲೆಯಲ್ಲಿ ಎಷ್ಟು ಮಕ್ಕಳಿದ್ದರು, ಹಿತ್ತಲಿನ ಹುಣಸೆಮರ ಎಷ್ಟು ಕಾಯಿ ಕೊಟ್ಟಿತು ಎಂಬಂಥ ಯಃಕಶ್ಚಿತ್ ವಿಷಯಗಳೇ ನನ್ನ ಪುಸ್ತಕದ ತುಂಬ. 2023ನೆಯ ಇಸವಿಯ ಪುಟದಲ್ಲಿ ಮಾತ್ರ ಎರಡು ಲೆಕ್ಕಗಳು ಒಂದರ ಪಕ್ಕದಲ್ಲಿ ಒಂದು ಕುಳಿತಿವೆ. ಒಂದು, ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ್ದು: 2022ರಲ್ಲಿ ಪ್ರಯಾಣಿಕರು 2 ಕೋಟಿ 75 ಲಕ್ಷ, 2023ರಲ್ಲಿ 3 ಕೋಟಿ 72 ಲಕ್ಷ. ಈ ಅಂಕೆಯನ್ನು ಮರುತಿಂಗಳು ಪತ್ರಿಕೆಯಲ್ಲಿ ನೋಡಿ ಬರೆದುಕೊಂಡದ್ದು. ಇನ್ನೊಂದು, ನಾನು ಪಾಠ ಹೇಳುವ ಕನ್ನಡ ಶಾಲೆಯದು: ಜನವರಿಯಲ್ಲಿ ಮಕ್ಕಳು 14, ಜೂನಿನಲ್ಲಿ 11, ಡಿಸೆಂಬರಿನಲ್ಲಿ 12.

ಆನೆಯನ್ನೂ ಇರುವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಮೇಷ್ಟರಿಗೆ ಏನಾಗಿದೆ ಎಂದು ವಾಚಕರು ನಗಬಹುದು. ನಗಲಿ. ಆದರೆ ಆ ಎರಡು ಲೆಕ್ಕಗಳು ಒಂದೇ ಪುಟಕ್ಕೆ ಬಂದ ಬಗೆಯನ್ನು ಹೇಳಿದ ಮೇಲೆ, ನನ್ನ ವೃತ್ತಿಬಾಂಧವರಲ್ಲಿ ಕೆಲವರಾದರೂ ನಗುವುದನ್ನು ನಿಲ್ಲಿಸಿ ತಮ್ಮ ಹಾಜರಿ ಪುಸ್ತಕವನ್ನು ಒಮ್ಮೆ ತಿರುವಿ ನೋಡಿಯಾರೆಂದು ನಂಬಿದ್ದೇನೆ.

ನಾನು ರಾಯದುರ್ಗದಲ್ಲಿ ಹುಟ್ಟಿ ಮಡಕಶಿರಾ ಸೀಮೆಯಲ್ಲಿ ಅನ್ನ ಸಂಪಾದಿಸಿದವನು. ಈ ಎರಡು ಊರುಗಳ ನಡುವೆ ನೂರಕ್ಕೆ ಮಿಕ್ಕಿದ ಕಿಲೋಮೀಟರುಗಳಿದ್ದರೂ ಅವುಗಳ ಹಣೆಬರಹ ಒಂದೇ ತೆರನಾದದ್ದು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಸಂತೆಯಲ್ಲಿ ಎರಡೂ. ರಾಯದುರ್ಗವು ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ನೆಯ ಇಸವಿ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರುಗಳೊಡನೆ ಅತ್ತ ಸರಿಯಿತು. ಮಡಕಶಿರಾ ತಾಲೂಕನ್ನು ಭೂಪಟದಲ್ಲಿ ನೋಡಿದರೆ ಕನ್ನಡನಾಡಿನ ಮಡಿಲೊಳಕ್ಕೆ ಚಾಚಿದ ಕೈಯಂತೆ ಕಾಣುತ್ತದೆ. ಅದರ ಸುತ್ತ ಶಿರಾ, ಮಧುಗಿರಿ, ಪಾವಗಡ, ಗೌರಿಬಿದನೂರು. ನೊಳಂಬರು ಆಳಿದ ಹೆಂಜೇರು, ಎಂದರೆ ಈಗಿನ ಹೇಮಾವತಿ, ಈ ಸೀಮೆಯಲ್ಲಿಯೇ ಇದೆ. 2022ನೆಯ ಇಸವಿ ಏಪ್ರಿಲ್ 4ರಂದು ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೀಗೆ ನಾನು ಹುಟ್ಟಿದ ಊರೂ ಉಣ್ಣುವ ಊರೂ ಬೇರೆ ಬೇರೆ ಜಿಲ್ಲೆಗಳಾದವು. ನನ್ನ ತಾಯಿಗೆ ಈ ಸಮಾಚಾರ ತಿಳಿಸಿದಾಗ ಅವರು, "ಮತ್ತೆ ಗೆರೆ ಎಳದ್ರಾ?" ಎಂದು ಕೇಳಿ ಎಲೆ ಅಡಿಕೆ ಹಾಕಿಕೊಂಡರು.

ನಮ್ಮ ಸೀಮೆಯಲ್ಲಿ ವಿಮಾನ ಇಳಿಯುವ ನೆಲವೇ ಇಲ್ಲವೆಂದಲ್ಲ. ಪುಟ್ಟಪರ್ತಿಯಲ್ಲಿ 1990ರಲ್ಲಿಯೇ ಒಂದು ನಿಲ್ದಾಣವಾಯಿತು. ಆದರೆ ದೂರದೇಶಕ್ಕೆ ಹೋಗುವವರು ಹಿಡಿಯುವ ಹಾದಿ ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರಗಳ ಮೇಲೆ ದೇವನಹಳ್ಳಿಯದೇ. ಇದರಲ್ಲಿ ಒಂದು ತಮಾಷೆಯುಂಟು. ಬೆಂಗಳೂರಿನ ಬಸ್ಸುಗಳ ಮೇಲೆ ನಿಲ್ದಾಣದ ಹೆಸರನ್ನು ಇಂಗ್ಲಿಷಿನ ಮೂರಕ್ಷರಗಳಲ್ಲಿ ಅಡಕಮಾಡಿ ಬರೆಯುತ್ತಾರೆ. ಕೂಡಿಸಿ ಓದಿದರೆ ಅದು 'ಕಿಯಾ' ಎಂದಾಗುತ್ತದೆ. ನಮ್ಮ ಕಡೆ ಕಿಯಾ ಎಂದರೆ 2019ರಲ್ಲಿ ಪೆನುಕೊಂಡೆಯ ಬಳಿ ಆರಂಭವಾದ ಮೋಟಾರು ಕಾರಿನ ಕಾರ್ಖಾನೆ. ನನ್ನ ಮಗನನ್ನು ಕಳುಹಿಸಲು ಕಿಯಾಕ್ಕೆ ಹೋಗುತ್ತೇನೆಂದಾಗ ಪಕ್ಕದ ಮನೆಯ ಹಿರಿಯರು, "ಒಳ್ಳೇದಾಯ್ತು ಬಿಡಿ, ಹತ್ತಿರದಲ್ಲೇ ಕೆಲಸ ಸಿಕ್ತು" ಎಂದು ಹರಸಿದರು. ಹುಡುಗ ಹೋಗುತ್ತಿರುವುದು ಜರ್ಮನಿಗೆ ಎಂದು ತಿದ್ದಲು ನನಗೆ ಮನಸ್ಸು ಬರಲಿಲ್ಲ.

ಅದು 2023ರ ಮಾರ್ಚ್ ತಿಂಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗನನ್ನು ಅವನ ಕಂಪೆನಿಯವರು ಒಂಬತ್ತು ತಿಂಗಳ ಮಟ್ಟಿಗೆ ಅಲ್ಲಿಗೆ ಕಳುಹಿಸಿದ್ದರು. ನಾನೂ ನನ್ನ ಹೆಂಡತಿಯೂ ರಾತ್ರಿ ಹತ್ತರ ಸುಮಾರಿಗೆ ನಿಲ್ದಾಣ ಮುಟ್ಟಿದೆವು. ಹಿಂದಿನ ವರ್ಷ ನವೆಂಬರ್ 11ರಂದು ಅನಾವರಣಗೊಂಡಿದ್ದ ಕೆಂಪೇಗೌಡರ 108 ಅಡಿಯ ಪ್ರತಿಮೆಯನ್ನು ಮಗ ದೂರದಿಂದಲೇ ತೋರಿಸಿದ. ಎರಡನೆಯ ಟರ್ಮಿನಲ್ಲಿನ ಉದ್ಘಾಟನೆಯೂ ಅದೇ ದಿನ ನಡೆದಿತ್ತು. 2023ರ ಜನವರಿ 15ರಂದು ಅಲ್ಲಿಂದ ಹೊರಟ ಮೊತ್ತಮೊದಲ ವಿಮಾನ ಹೋದದ್ದು ನಮ್ಮ ಕಲಬುರಗಿಗೆ. ಆದರೆ ಹೊರದೇಶದ ವಿಮಾನಗಳೆಲ್ಲ ಆಗಿನ್ನೂ ಹಳೆಯ ಕಟ್ಟಡದಿಂದಲೇ ಹೊರಡುತ್ತಿದ್ದವು.

ಹಳೆಯದೆಂದೆ, ಅದಕ್ಕೆ ಆಗ ಹದಿನೈದು ವರ್ಷವೂ ತುಂಬಿರಲಿಲ್ಲ. 2008ನೆಯ ಇಸವಿ ಮೇ 24ರಂದು ಈ ನಿಲ್ದಾಣ ಆರಂಭವಾಯಿತು; ಅಲ್ಲಿಯವರೆಗೆ ಬೆಂಗಳೂರಿಗೆ ಬರುವ ಸಾಮಾನ್ಯ ಪ್ರಯಾಣಿಕರ ವಿಮಾನಗಳೆಲ್ಲ ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಕೆಂಪೇಗೌಡರ ಹೆಸರು ಬಂದದ್ದು 2013ರಲ್ಲಿ. ಸುಮಾರು 4000 ಎಕರೆ ನೆಲ ಇದಕ್ಕೆ ಬೇಕಾಯಿತು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ, ಚಕ್ಕೋತದ ಹಣ್ಣಿಗೆ ಹೆಸರಾದ ಸೀಮೆ ಅದು. ಯಾರ ಹೊಲವಾಗಿತ್ತೋ ಎಂದು ನಾನು ಯೋಚಿಸುತ್ತ ನಿಂತಿರುವಾಗಲೇ ಬಾಗಿಲಿನ ಕಾವಲುಗಾರರು ಮಗನ ಟಿಕೆಟ್ಟನ್ನು ನೋಡಿ ಒಳಗೆ ಬಿಟ್ಟರು. ಟಿಕೆಟ್ಟಿಲ್ಲದ ನಾವು ಹೊರಗೇ ಉಳಿದೆವು. ಗಾಜಿನ ಆಚೆ ಅವನ ಬೆನ್ನು ಜನಸಂದಣಿಯಲ್ಲಿ ಕರಗುವವರೆಗೆ ನೋಡಿ, ನನ್ನಾಕೆ ಸೆರಗಿನಿಂದ ಕಣ್ಣೊರಸಿಕೊಂಡಳು. ನಾನು ಉಪಾಧ್ಯಾಯನಾದ ಕಾರಣ ಒರಸಿಕೊಳ್ಳದೆ ಒಂದು ಫಲಕವನ್ನು ಓದುತ್ತಿರುವಂತೆ ನಟಿಸಿದೆ. ಅದರಲ್ಲಿ ಮೊದಲ ಸಾಲು ಕನ್ನಡದ್ದಾಗಿತ್ತು.

ಮರುವಾರ ಶಾಲೆಯಲ್ಲಿ ಮಕ್ಕಳು ಬಿಡಲಿಲ್ಲ. ವಿಮಾನ ಹೇಗೆ ಏಳುತ್ತದೆ, ಹದ್ದಿನಂತೆ ನಿಂತಲ್ಲಿಂದಲೇ ಹಾರುತ್ತದೆಯೇ ಎಂದು ಕೇಳಿದರು. ಇಲ್ಲ, ಕೊಕ್ಕರೆಯಂತೆ ಓಡಿ ಏಳುತ್ತದೆ ಎಂದೆ. ಅದು ಓಡುವ ಹಾದಿಗೆ ರನ್‌ವೇ ಎಂದು ಹೆಸರು. ಓಡುದಾರಿ ಎಂದು ನಾವು ಕರೆಯೋಣವೆಂದೆ. ದೇವನಹಳ್ಳಿಯ ಓಡುದಾರಿಯ ಉದ್ದ 4000 ಮೀಟರು, ಅಗಲ 45 ಮೀಟರು. ರೆಕ್ಕೆಯ ಮೇಲೂ ಕೆಳಗೂ ಗಾಳಿ ರಭಸದಿಂದ ಹರಿದರೆ ಮಾತ್ರ ಭಾರವನ್ನು ಎತ್ತುವ ಬಲ ಹುಟ್ಟುತ್ತದೆ. ಆ ರಭಸ ಬರಬೇಕಾದರೆ ಓಡಬೇಕು. ದೇವನಹಳ್ಳಿ ಸಮುದ್ರಮಟ್ಟದಿಂದ ಸುಮಾರು 915 ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿ ಕಡಲತೀರಕ್ಕಿಂತ ತೆಳು. ಆದ್ದರಿಂದ ಅಷ್ಟೇ ಭಾರವನ್ನು ಎತ್ತಲು ಅಲ್ಲಿ ಇನ್ನಷ್ಟು ದೂರ ಓಡಬೇಕು. ಇಷ್ಟೆಲ್ಲ ಹೇಳಿದ ಮೇಲೂ 4000 ಮೀಟರೆಂದರೆ ಎಷ್ಟು ಎಂಬುದು ಮಕ್ಕಳ ಕಣ್ಣಿಗೆ ಕಟ್ಟಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಸೈಕಲ್ಲಿನ ಗಾಲಿಯ ಸುತ್ತಳತೆ 2 ಮೀಟರು 20 ಸೆಂಟಿಮೀಟರು. ಅದರ ಕಡ್ಡಿಗೊಂದು ಕೆಂಪು ಬಟ್ಟೆ ಕಟ್ಟಿದೆವು. ಗಾಲಿ 1818 ಸುತ್ತು ತಿರುಗಿದರೆ ಒಂದು ಓಡುದಾರಿ. ಒಂದು ಶನಿವಾರ ಮುಂಜಾನೆ ಶಾಲೆಯ ಬಾಗಿಲಿನಿಂದ ಮೂಡಲ ದಿಕ್ಕಿಗೆ ಸೈಕಲ್ಲನ್ನು ತಳ್ಳುತ್ತ, ನೂರು ಸುತ್ತಿಗೊಂದು ಹುಣಸೆಬೀಜವನ್ನು ಜೇಬಿಗೆ ಹಾಕಿಕೊಳ್ಳುತ್ತ ಎಲ್ಲರೂ ಹೊರಟೆವು. ಕೆರೆಯ ಏರಿ ದಾಟಿತು, ಕಡಲೆಕಾಯಿಯ ಹೊಲಗಳು ದಾಟಿದವು, ಪಕ್ಕದ ಊರಿನ ಆಂಜನೇಯನ ಗುಡಿಯ ಮುಂದೆ ಲೆಕ್ಕ ಮುಗಿಯಿತು. "ಇಷ್ಟುದ್ದವೂ ಒಂದು ಕಲ್ಲಿಲ್ಲ, ಒಂದು ಗುಂಡಿಯಿಲ್ಲವೇ ಸಾರ್?" ಎಂದು ಒಬ್ಬ ಹುಡುಗ ಬೆರಗಾದ. ನಮ್ಮ ಊರಿನ ರಸ್ತೆಯನ್ನು ಬಲ್ಲವರಿಗೆ ಆ ಬೆರಗಿನ ಅರ್ಥ ತಿಳಿಯುತ್ತದೆ.

ಆ ದಿನ ಹದಿನಾಲ್ವರಿದ್ದೆವು ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದೇನೆ. ಜೂನಿನಲ್ಲಿ ಶಾಲೆ ಮತ್ತೆ ಬಾಗಿಲು ತೆರೆದಾಗ, ಐದನೆಯ ತರಗತಿ ಮುಗಿಸಿ ಹೋದ ಇಬ್ಬರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಗುಂಡಿಯಿಲ್ಲವೇ ಎಂದು ಕೇಳಿದ ಹುಡುಗನೂ ಬರಲಿಲ್ಲ. ಅವನ ತಂದೆ ಕೂಲಿಯಾಳು. ವರ್ಗಪತ್ರ ಕೇಳಿಕೊಂಡು ಬಂದ. ಹುಡುಗನನ್ನು ಹಳದಿ ಬಸ್ಸು ಬರುವ ಇಂಗ್ಲಿಷ್ ಶಾಲೆಗೆ ಸೇರಿಸಿದ್ದಾಗಿತ್ತು.

"ಸಾರ್, ತಪ್ಪು ತಿಳ್ಕೋಬ್ಯಾಡಿ. ಕನ್ನಡ ಓದಿದೋರು ಏರೋಪ್ಲೇನು ಹತ್ತಾಕಾಯ್ತದಾ?" ಎಂದ.

"ಯಾಕಾಗುವುದಿಲ್ಲ? ನನ್ನ ಮಗ ಇದೇ ಶಾಲೆಯಲ್ಲಿ ಓದಿದವನು. ಹತ್ತಲಿಲ್ಲವೇ?" ಎಂದೆ.

ಅವನು ತಲೆ ಬಗ್ಗಿಸಿಕೊಂಡು, ಆದರೆ ಸ್ಪಷ್ಟವಾಗಿ ಹೇಳಿದ: "ನಿಮ್ಮ ಮಗ ಮೇಷ್ಟರ ಮಗ ಸಾರ್. ರಾತ್ರಿ ಮನೇಲಿ ಕೂರಿಸ್ಕೊಂಡು ಇಂಗ್ಲಿಷ್ ಹೇಳ್ಕೊಡಾಕೆ ನೀವಿದ್ರಿ. ನನ್ನ ಮಗನಿಗೆ ಯಾರವ್ರೆ?"

ನಾನು ವರ್ಗಪತ್ರಕ್ಕೆ ರುಜು ಹಾಕಿಕೊಟ್ಟೆ. ಇಪ್ಪತ್ತೆಂಟು ವರ್ಷಗಳ ನನ್ನ ಸೇವೆಯಲ್ಲಿ ಇನ್‌ಸ್ಪೆಕ್ಟರರು ಕೇಳಿದ ಯಾವ ಪ್ರಶ್ನೆಗೂ ನಾನು ಅಷ್ಟು ನಿರುತ್ತರನಾಗಿರಲಿಲ್ಲ. ಅವನು ಹೇಳಿದ್ದು ನಿಜ. ಮಗನನ್ನು ರಾತ್ರಿ ಎಂಟರಿಂದ ಒಂಬತ್ತರವರೆಗೆ ದೀಪದ ಮುಂದೆ ಕೂರಿಸಿ ಇಂಗ್ಲಿಷ್ ವ್ಯಾಕರಣ ಕಲಿಸಿದ್ದೆ. ಶಾಲೆಯಲ್ಲಿಯೋ, ಇಂಗ್ಲಿಷಿನ ಅವಧಿ ಬಂದಾಗ ನನ್ನ ಉತ್ಸಾಹ ಅರ್ಧಕ್ಕಿಳಿಯುತ್ತಿತ್ತು. ಗಡಿನಾಡಿನ ಕನ್ನಡ ಉಪಾಧ್ಯಾಯನಿಗೆ ಕನ್ನಡವನ್ನು ಕಾಯುವುದೇ ಧರ್ಮ. ಇಂಗ್ಲಿಷಿಗೆ ಕೊಟ್ಟ ಪ್ರತಿಯೊಂದು ನಿಮಿಷವೂ ಕನ್ನಡದಿಂದ ಕಿತ್ತುಕೊಂಡದ್ದು ಎಂದು ನಾನು ಯಾವಾಗಲೋ ಮನಸ್ಸಿನಲ್ಲಿ ನಿಶ್ಚಯಿಸಿಬಿಟ್ಟಿದ್ದೆ. ಆ ಧರ್ಮವನ್ನು ಊರ ಮಕ್ಕಳ ಮೇಲೆ ಆಚರಿಸಿದೆ. ನನ್ನ ಮಗನ ಮೇಲೆ ಆಚರಿಸಲಿಲ್ಲ. ಇದನ್ನು ಬರೆಯುವಾಗ ಈಗಲೂ ಲೇಖನಿ ತಡೆಯುತ್ತದೆ. ಆದರೆ ಬರೆಯದೆ ಬಿಟ್ಟರೆ ಈ ಪ್ರಬಂಧಕ್ಕೆ ಅರ್ಥವಿಲ್ಲ.

ಮಳೆಗಾಲ ಹೀಗೆಯೇ ಕಳೆಯಿತು. ಸೆಪ್ಟೆಂಬರ್ 12ರಂದು ಹೊರದೇಶದ ವಿಮಾನಗಳೆಲ್ಲವೂ ಎರಡನೆಯ ಟರ್ಮಿನಲ್ಲಿಗೆ ಬದಲಾದವೆಂದು ಪತ್ರಿಕೆಯಲ್ಲಿ ಓದಿದೆ. ಅದೇ ವಾರ ನನಗೊಂದು ದೂರವಾಣಿ ಕರೆ ಬಂತು. ನನ್ನ ಹಳೆಯ ಶಿಷ್ಯೆಯೊಬ್ಬಳು. ನಮ್ಮ ಶಾಲೆಯಲ್ಲಿ ಐದನೆಯ ತರಗತಿಯವರೆಗೆ, ಮುಂದೆ ಕನ್ನಡ ಪ್ರೌಢಶಾಲೆಯಲ್ಲಿ, ಆಮೇಲೆ ಪಾವಗಡ, ತುಮಕೂರುಗಳಲ್ಲಿ ಓದಿದವಳು. ಅವಳ ತಾಯಿ ಊರಿನಲ್ಲಿ ರೇಷ್ಮೆಹುಳುವಿನ ಮನೆಯಲ್ಲಿ ಸೊಪ್ಪು ಹಾಕುವ ಕೆಲಸ ಮಾಡುತ್ತಾಳೆ. "ಸಾರ್, ನಾನು ಹೊಸ ಟರ್ಮಿನಲ್ಲಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ಪ್ರಯಾಣಿಕರಿಗೆ ದಾರಿ ತೋರಿಸುವುದು, ಗಾಲಿಕುರ್ಚಿ ಬೇಕಾದವರಿಗೆ ಏರ್ಪಾಟು ಮಾಡಿಸುವುದು ನನ್ನ ಕೆಲಸ. ನಿಮ್ಮ ಮಗ ಹಿಂತಿರುಗುವಾಗ ಬಂದರೆ ತಿಳಿಸಿ" ಎಂದಳು. ಅಷ್ಟು ಮಾತು ಕೇಳಿಯೇ ನನ್ನ ಎದೆಯ ಭಾರ ಇಳಿದಂತಾಯಿತು. ಕೂಲಿಯಾಳಿನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಹಿಗ್ಗಿದೆ. ಹಿಗ್ಗು ಬಹಳ ದಿನ ನಿಲ್ಲಲಿಲ್ಲ.

ಡಿಸೆಂಬರಿನ ಮೂರನೆಯ ವಾರ ಮಗ ಹಿಂತಿರುಗುವ ದಿನ ಗೊತ್ತಾಯಿತು. ಈ ಸಲ ನನ್ನ ತಾಯಿಯೂ ಹೊರಟರು. ಎಂಬತ್ತೆರಡು ವರ್ಷದ ಅವರಿಗೆ ಮೊಮ್ಮಗನಿಗಿಂತ ಹೆಚ್ಚಾಗಿ 'ವಿಮಾನದ ಮನೆ'ಯನ್ನು ನೋಡುವ ಆಸೆ ಎಂದು ನನ್ನ ಗುಮಾನಿ. ಹಿಂದಿನ ದಿನವೇ ಅವರನ್ನು ರಾಯದುರ್ಗದಿಂದ ಕರೆತಂದು, ನಡುರಾತ್ರಿ ಮಡಕಶಿರಾದಿಂದ ಹೊರಟು, ಬೆಳಗಿನ ಜಾವ ಎರಡನೆಯ ಟರ್ಮಿನಲ್ಲಿನ ಹೊರಗೆ ಕಂಬಿಯ ಬಳಿ ನಿಂತೆವು. ಮಂಜು ಕವಿದಿತ್ತು. ವಿಮಾನ ಕೊಂಚ ತಡವೆಂದು ತಿಳಿಯಿತು.

ದಾರಿಯಲ್ಲಿ ತಾಯಿಗೆ ಪಾಸ್‌ಪೋರ್ಟಿನ ವಿಚಾರ ಹೇಳಿದ್ದೆ: ಒಂದು ದೇಶದ ಗೆರೆ ದಾಟಿ ಇನ್ನೊಂದಕ್ಕೆ ಹೋಗಬೇಕಾದರೆ ಪುಸ್ತಕ ತೋರಿಸಬೇಕು, ಅದಕ್ಕೆ ಮುದ್ರೆ ಒತ್ತುತ್ತಾರೆ ಎಂದು. ಅವರು ಬಹಳ ಹೊತ್ತು ಸುಮ್ಮನಿದ್ದು ಈಗ ಮಾತೆತ್ತಿದರು. "ನಾನು ಹನ್ನೆರಡು ವರ್ಷದಾಕಿ ಇದ್ದೆ. ಒಂದಿನ ಬೆಳಿಗ್ಗೆ ಎದ್ದರೆ ನೀವು ಬಳ್ಳಾರಿಯೋರಲ್ಲ ಅಂದ್ರು. ನಾವು ಎಲ್ಲಿಗೂ ಹೋಗ್ಲಿಲ್ಲಪ್ಪ. ಗೆರೇನೇ ಹೋತು. ಯಾರೂ ಒಂದು ಚೀಟಿ ಕೇಳ್ಲಿಲ್ಲ." ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರು ಇದನ್ನು ಕೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ರಾತ್ರಿಯ ಪಾಳಿ ಮುಗಿಸಿಕೊಂಡು ನನ್ನ ಶಿಷ್ಯೆ ಬಂದಳು. ತಾಯಿಯ ಕಾಲಿಗೆ ನಮಸ್ಕರಿಸಿದಳು. ಸಮವಸ್ತ್ರ ತೊಟ್ಟ, ನಿಲುವಿನಲ್ಲಿ ಧೈರ್ಯವಿದ್ದ ಆ ಹುಡುಗಿಯಲ್ಲಿ, ಒಂದನೆಯ ತರಗತಿಯಲ್ಲಿ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದ ಕೂಸನ್ನು ಹುಡುಕಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಒಳಗೆ ಹೋಗಲಾರದ ನಮಗಾಗಿ ಅವಳೇ ಕಟ್ಟಡವನ್ನು ಮಾತಿನಲ್ಲಿ ತೋರಿಸಿದಳು. ಚಾವಣಿಗೆಲ್ಲ ಬಿದಿರಿನ ಹೊದಿಕೆ. ಮೇಲಿನಿಂದ ಇಳಿಬಿಟ್ಟ ಗಂಟೆಗಳಲ್ಲಿ ಬೆಳೆಯುವ ಗಿಡಗಳು. ಕಟ್ಟಡದ ಮುಂದೆ ತೋಟ. ಮೊದಲ ಹಂತದ ನೆಲವೇ 2 ಲಕ್ಷ 55 ಸಾವಿರ ಚದರ ಮೀಟರು. ಅಂತಸ್ತುಗಳನ್ನೆಲ್ಲ ಬಿಚ್ಚಿ ನೆಲದ ಮೇಲೆ ಹಾಸಿದರೆ ಅರವತ್ತಮೂರು ಎಕರೆಯಾಗುತ್ತದೆಂದು ನಾನು ಬೆರಳೆಣಿಸಿ ಹೇಳಿದೆ. ವರ್ಷಕ್ಕೆ ಎರಡೂವರೆ ಕೋಟಿ ಜನರನ್ನು ಅದೊಂದೇ ತಾಳಬಲ್ಲುದಂತೆ. ಅದೇ ತಿಂಗಳು ಪ್ರಿ ವರ್ಸಾಯ್ ಎಂಬ ವಾಸ್ತುಶಿಲ್ಪದ ಪ್ರಶಸ್ತಿಯಲ್ಲಿ ಒಳಾಂಗಣದ ಅಂದಕ್ಕಾಗಿ ಅದಕ್ಕೆ ವಿಶೇಷ ಬಹುಮಾನವೂ ಬಂದಿತ್ತು.

"ಹಾಗಾದರೆ ಹಳೆಯದನ್ನು ಮುಚ್ಚಿಬಿಟ್ಟರೇ?" ಎಂದು ನನ್ನ ಹೆಂಡತಿ ಕೇಳಿದಳು.

"ಇಲ್ಲ ಅಮ್ಮ. ಎರಡೂ ನಡೆಯುತ್ತವೆ. ಓಡುದಾರಿಯೂ ಎರಡು. ಎರಡನೆಯದನ್ನು 2019ರ ಡಿಸೆಂಬರಿನಲ್ಲಿ ಶುರುಮಾಡಿದರು. ಮೊದಲನೆಯದು ಈಗಲೂ ಇದೆ. ಒಂದರಿಂದಲೇ ಇಷ್ಟು ವಿಮಾನ ಹೊರಡಿಸಲು ಆಗುವುದಿಲ್ಲವಲ್ಲ. ಇಂಥ ಮಂಜಿನಲ್ಲಿ ಇಳಿಯಲು ಬೇಕಾದ ಸಲಕರಣೆ ಎರಡನೆಯದಕ್ಕೆ ಇದೆ" ಎಂದಳು.

ನಾನು ಅವಳ ಕೆಲಸದ ವಿಚಾರ ಕೇಳಿದೆ. ಕೇಳಿದ್ದು ಹೊಗಳಿಕೆಯ ಆಸೆಯಿಂದ ಎಂದು ಒಪ್ಪಿಕೊಳ್ಳುತ್ತೇನೆ. ಅವಳೊಂದು ಪ್ರಸಂಗ ಹೇಳಿದಳು. ಅಕ್ಟೋಬರಿನ ಒಂದು ರಾತ್ರಿ ಇಬ್ಬರು ಮುದುಕಿಯರು, ಒಬ್ಬಾಕೆ ಬಳ್ಳಾರಿಯ ಕಡೆಯವರು, ಒಬ್ಬಾಕೆ ಕರ್ನೂಲಿನ ಕಡೆಯವರು, ಮಕ್ಕಳ ಬಳಿಗೆ ಅಮೆರಿಕಕ್ಕೆ ಒಂದೇ ವಿಮಾನದಲ್ಲಿ ಹೊರಟಿದ್ದರು. ಇಬ್ಬರಿಗೂ ಅದು ಮೊದಲ ಪ್ರಯಾಣ; ಇಬ್ಬರಿಗೂ ಇಂಗ್ಲಿಷ್ ಬಾರದು; ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಇಬ್ಬರೂ ಅಳುವಂತಾಗಿ ಕುಳಿತಿದ್ದರು. ಇವಳು ಒಬ್ಬರೊಡನೆ ಕನ್ನಡದಲ್ಲಿ, ಒಬ್ಬರೊಡನೆ ತೆಲುಗಿನಲ್ಲಿ ಮಾತನಾಡಿ, ಇಬ್ಬರನ್ನೂ ಪರಸ್ಪರ ಪರಿಚಯ ಮಾಡಿಸಿ, ವಿಮಾನದ ಬಾಗಿಲವರೆಗೆ ಕೈಹಿಡಿದು ಬಿಟ್ಟು ಬಂದಳು. "ಅಷ್ಟು ಜನ ಕೆಲಸದವರಿದ್ದರೂ ಆ ರಾತ್ರಿ ನನ್ನನ್ನೇ ಹುಡುಕಿ ಕರೆಸಿದರು ಸಾರ್. ನಮ್ಮ ಊರಿನ ಎರಡು ಮಾತೂ ಬರುತ್ತವೆ ಎಂದು."

"ನೋಡಿದೆಯಾ!" ಎಂದು ನಾನು ಹೆಂಡತಿಯ ಕಡೆ ತಿರುಗಿದೆ.

ಆದರೆ ಹುಡುಗಿ ಮಾತು ಮುಗಿಸಿರಲಿಲ್ಲ. "ಒಂದು ಮಾತು ಹೇಳಿದರೆ ಬೇಸರಪಟ್ಟುಕೊಳ್ಳಬಾರದು ಸಾರ್. ಮೊದಲ ತಿಂಗಳು ದಿನಾ ಅತ್ತಿದ್ದೇನೆ. ಮೇಲಿನವರು ಇಂಗ್ಲಿಷಿನಲ್ಲಿ ಏನಾದರೂ ಹೇಳಿದರೆ ಅರ್ಧ ಅರ್ಥವಾಗುತ್ತಿರಲಿಲ್ಲ. ಒಂದು ನೋಟುಬುಕ್ಕಿನಲ್ಲಿ ಅವರ ಮಾತನ್ನೆಲ್ಲ ಕನ್ನಡದ ಅಕ್ಷರದಲ್ಲಿ ಬರೆದುಕೊಂಡು ರೂಮಿಗೆ ಹೋಗಿ ಬಾಯಿಪಾಠ ಮಾಡುತ್ತಿದ್ದೆ. ನೀವು ಕನ್ನಡ ಅಷ್ಟು ಚೆನ್ನಾಗಿ ಕಲಿಸಿದಿರಿ. ಇಂಗ್ಲಿಷನ್ನೂ ಅಷ್ಟೇ ಗಟ್ಟಿಯಾಗಿ ಕಲಿಸಿದ್ದರೆ ನಾವು ಕಲಿಯುತ್ತಿದ್ದೆವು. ಕಲಿಯಲಾರದ ಮಕ್ಕಳೇನಲ್ಲವಲ್ಲ ಸಾರ್ ನಾವು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದಿದ್ದರೆ ನನಗೆ ಸುಲಭವಾಗುತ್ತಿತ್ತು. ಜೂನಿನಲ್ಲಿ ಕೂಲಿಯಾಳು ಹೇಳಿದ ಮಾತಿನ ಉಳಿದ ಅರ್ಧವನ್ನು ಇವಳು ಹೇಳಿದ್ದಳು. "ಅದು ನನ್ನದೇ ತಪ್ಪು, ಮಗಳೇ" ಎಂದೆ. ಅವಳು ಗಾಬರಿಯಾಗಿ, "ಅಯ್ಯೋ, ಹಾಗಲ್ಲ ಸಾರ್" ಎಂದಳು. ನನ್ನ ತಾಯಿ ಮಾತ್ರ, "ತಪ್ಪು ಅಂದ ಮ್ಯಾಲೆ ಸುಮ್ನಿರವ್ವ, ಅವನು ತಿದ್ಕೊಳ್ತಾನ" ಎಂದು ತೀರ್ಪು ಕೊಟ್ಟರು.

ಮಂಜು ಕರಗಿ ಬಿಸಿಲು ಬಂತು. ವಿಮಾನ ಇಳಿಯಿತು. ಒಂದು ಕಟ್ಟಡದಿಂದ ಹೋದ ಮಗ ಮತ್ತೊಂದರಿಂದ ಹೊರಬಂದ, ಒಂದಿಷ್ಟು ತೆಳ್ಳಗಾಗಿದ್ದ. ಅಜ್ಜಿಯನ್ನು ಕಂಡವನೇ ಗಾಡಿಯನ್ನು ಬಿಟ್ಟು ಓಡಿ ಬಂದ.

ಊರಿಗೆ ಹಿಂತಿರುಗುವಾಗ ಕಾರಿನಲ್ಲಿ ಎಲ್ಲರೂ ನಿದ್ದೆಹೋದರು, ನಾನೊಬ್ಬ ಎಚ್ಚರವಾಗಿದ್ದೆ. ವಿಮಾನ ನಿಲ್ದಾಣದವರು ಹೋಗುವವರನ್ನೂ ಬರುವವರನ್ನೂ ಎಣಿಸುತ್ತಾರೆ. ಆದ್ದರಿಂದ ಆ ವರ್ಷದ 3 ಕೋಟಿ 72 ಲಕ್ಷದಲ್ಲಿ ನನ್ನ ಮಗನೊಬ್ಬನೇ ಇಬ್ಬರಾಗಿದ್ದಾನೆ. ಕಂಬಿಯ ಬಳಿ ನಿಂತ ನಾವು ಮೂವರು ಆ ಲೆಕ್ಕದಲ್ಲಿಲ್ಲ. ಇಬ್ಬರು ಮುದುಕಿಯರು ಅದರಲ್ಲಿ ಸೇರಿದ್ದಾರೆ. ಅವರ ಕೈಹಿಡಿದು ನಡೆಸಿದ ಹುಡುಗಿ ಸೇರಿಲ್ಲ. ದಿನವೊಂದಕ್ಕೆ ಸರಾಸರಿ ಒಂದು ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ಸಾಗಿಸಿದ ಆ ದೊಡ್ಡ ಬೆಳವಣಿಗೆಯ ಕೆಳಗೆ ಇಂಥ ಎಷ್ಟು ಹಳ್ಳಿಗಳ, ಎಷ್ಟು ಸಣ್ಣ ಶಾಲೆಗಳ ಮಕ್ಕಳ ದುಡಿಮೆ ಇದೆಯೋ! ನನ್ನ ಹಾಜರಿ ಪುಸ್ತಕದ ಒಂದು ಹೆಸರು ಅಲ್ಲಿಯವರೆಗೆ ಹೋಗಿ ನಿಂತಿದೆ. ಅದರಲ್ಲಿ ನನ್ನ ಪಾಲು ಅರ್ಧ. ನಾನು ಬಿಟ್ಟ ಅರ್ಧವನ್ನು ಅವಳು ಅಳುತ್ತ ತಾನೇ ತುಂಬಿಕೊಂಡಳು.

ಮತ್ತೊಂದು ವಿಚಾರವೂ ಮನಸ್ಸಿಗೆ ಬಂತು. 2020ರ ಮಾರ್ಚಿನ ಕೊನೆಯಲ್ಲಿ ಮಹಾಮಾರಿಯ ದೆಸೆಯಿಂದ ದೇಶದೊಳಗಿನ ವಿಮಾನಗಳೆಲ್ಲ ನಿಂತುಹೋಗಿ, ಎರಡು ತಿಂಗಳ ಮೇಲೆ ಮೇ 25ರಂದು ಮತ್ತೆ ಹೊರಟವು. ಎರಡನೆಯ ಓಡುದಾರಿ ಸಿದ್ಧವಾಗಿ ಆಗ್ಗೆ ಆರು ತಿಂಗಳೂ ಆಗಿರಲಿಲ್ಲ. ಒಂದಕ್ಕೇ ವಿಮಾನವಿಲ್ಲದಾಗ ಎರಡೇಕೆ ಎಂದು ಆಗ ಯಾರಾದರೂ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಮೂರೇ ವರ್ಷಗಳಲ್ಲಿ ಎರಡೂ ಸಾಲದೇನೋ ಎಂಬ ಕಾಲ ಬಂತು. ಎರಡನೆಯದನ್ನು ಹಾಸುವವರು ಮೊದಲನೆಯದನ್ನು ಅಗೆದುಹಾಕಲಿಲ್ಲ. ಮೊದಲನೆಯದು ಇದೆಯೆಂದು ಎರಡನೆಯದನ್ನು ಕಚ್ಚಾ ಹಾಸಲೂ ಇಲ್ಲ. ಅದೂ 4000 ಮೀಟರೇ. ನಾನು ನನ್ನ ಮಕ್ಕಳಿಗೆ ಹಾಸಿಕೊಟ್ಟ ಎರಡನೆಯ ಹಾದಿ ಎಷ್ಟು ಮೀಟರಿನದು?

ಜನವರಿಯಿಂದ ನಮ್ಮ ಶಾಲೆಯಲ್ಲಿ ಒಂದು ಸಣ್ಣ ಏರ್ಪಾಟಾಯಿತು. ಕನ್ನಡದ ಅವಧಿಯನ್ನು ಮುಟ್ಟಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ, ಇಷ್ಟವಿದ್ದ ಮಕ್ಕಳಿಗೆ, ಮಗನಿಗೆ ಕಲಿಸಿದ ಅದೇ ಹಳೆಯ ವ್ಯಾಕರಣದ ಪುಸ್ತಕದಿಂದಲೇ ಇಂಗ್ಲಿಷ್. ಹನ್ನೆರಡು ಮಂದಿಯೂ ಉಳಿದರು. ಆ ಹನ್ನೆರಡನೆಯದು ಇಟ್ಟಿಗೆ ಗೂಡಿನ ಕೆಲಸಕ್ಕೆ ವಲಸೆ ಬಂದ ಕುಟುಂಬದ ಹುಡುಗಿ, ನವೆಂಬರಿನಲ್ಲಿ ಸೇರಿದವಳು. ವರ್ಗಪತ್ರ ಒಯ್ದ ಕೂಲಿಯಾಳಿನ ಮಗ ಮರಳಿ ಬರಲಿಲ್ಲ. ಬರಬೇಕೆಂದು ನಾನೂ ಕರೆಯಲಿಲ್ಲ. ಆದರೆ ಸಂಜೆ ಹಳದಿ ಬಸ್ಸು ಇಳಿದ ಮೇಲೆ ಕೆಲವು ದಿನ ಅವನು ನಮ್ಮ ಜಗಲಿಯ ಮೇಲೆ ಬಂದು ಕೂಡುತ್ತಾನೆ. ಅವನಿಗೆ ಕನ್ನಡದ ಕಥೆ ಓದಿಸಬೇಕು. ಅಲ್ಲಿ ಅದಿಲ್ಲವಂತೆ.

ಅವನೇ ಒಂದು ದಿನ, "ಸಾರ್, ವಿಮಾನಕ್ಕೆ ಓಡುದಾರಿ ಎರಡಂತೆ. ನಾವು ಒಂದೇ ಅಳೆದದ್ದು" ಎಂದು ನೆನಪು ಮಾಡಿದ. ಮತ್ತೊಂದು ಶನಿವಾರ ಸೈಕಲ್ಲಿನ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿದೆವು. ಮೊದಲ ಸಲ ಮೂಡಲಿಗೆ ಹೋಗಿದ್ದೆವು. ಈ ಸಲ ಶಾಲೆಯ ಅದೇ ಬಾಗಿಲಿನಿಂದ ಪಡುವಲಿಗೆ ಹೊರಟೆವು. ಹದಿನೆಂಟು ಹುಣಸೆಬೀಜಗಳು ಜೇಬಿಗೆ ಬಿದ್ದವು. 1818ನೆಯ ಸುತ್ತು ಮುಗಿದದ್ದು ಒಂದು ರಾಗಿ ಕಣದ ಮುಂದೆ. ಕಣದಲ್ಲಿದ್ದ ರೈತನನ್ನು ಯಾವ ಊರೆಂದು ಕೇಳಿದರೆ ಶಿರಾ ತಾಲೂಕೆಂದ. ದಾರಿಯಲ್ಲಿ ಎಲ್ಲಿಯೋ ನಾವು ಗೆರೆ ದಾಟಿ ಕರ್ನಾಟಕಕ್ಕೆ ಬಂದುಬಿಟ್ಟಿದ್ದೆವು. ಸುತ್ತುಗಳನ್ನು ಎಣಿಸುವ ಗಡಿಬಿಡಿಯಲ್ಲಿ ಒಂದು ಮಗುವೂ ಅದನ್ನು ಗಮನಿಸಿರಲಿಲ್ಲ.

ರೈತ ಎಲ್ಲರಿಗೂ ನೀರು ಕೊಟ್ಟ. ಇಷ್ಟು ಮಕ್ಕಳನ್ನು ಕಟ್ಟಿಕೊಂಡು ಸೈಕಲ್ಲನ್ನು ಯಾಕೆ ತಳ್ಳುತ್ತಿದ್ದೀರಿ ಎಂದು ವಿಚಾರಿಸಿದ. ಇಟ್ಟಿಗೆ ಗೂಡಿನ ಹುಡುಗಿ ಮುಂದೆ ಬಂದು, ಮೊದಲು ಕನ್ನಡದಲ್ಲಿ, ಆಮೇಲೆ ನಾನು ಹೇಳದೆಯೇ ಇಂಗ್ಲಿಷಿನಲ್ಲಿ, ತಡವರಿಸುತ್ತ ಒಂದು ವಾಕ್ಯ ಹೇಳಿದಳು. ರೈತನಿಗೆ ಇಂಗ್ಲಿಷ್ ತಿಳಿಯಲಿಲ್ಲ. ವಾಕ್ಯದಲ್ಲಿ ಎರಡು ತಪ್ಪುಗಳಿದ್ದವು. ಹಿಂತಿರುಗುವ ದಾರಿಯಲ್ಲಿ ಅವನ್ನು ತಿದ್ದಿದೆ.